ಅಜ್ಜಿ ಹೆಸರಿನ ಅಕೌಂಟು

ನಮ್ಮ ಮನೆಯ ಕಂಪ್ಯೂಟರಿನಲ್ಲಿ ಯಾರೂ ದಿನಾ ತೆರೆಯದ ಒಂದು ಅಕೌಂಟು ಇದೆ. ಹೆಸರು ‘ಅಜ್ಜಿ’. ಇಪ್ಪತ್ತು ವರ್ಷಗಳಲ್ಲಿ ಕಂಪ್ಯೂಟರು ಹಲವು ಸಲ ಬದಲಾಯಿತು, ಒಳಗಿನ ವಿಂಡೋಸ್ ಬದಲಾಯಿತು, ಮುಂದೆ ಕೂರುವವರೂ ಬದಲಾದರು. ಈ ಅಕೌಂಟು ಮಾತ್ರ ಯಾವ ಹೊಸ ಕಂಪ್ಯೂಟರು ಬಂದರೂ ಮೊದಲ ದಿನವೇ ಅದರಲ್ಲಿ ಹುಟ್ಟುತ್ತದೆ. ಅಡ್ಮಿನಿಸ್ಟ್ರೇಟರ್ ಅಧಿಕಾರ ಪೂರ್ತಿ ಅದಕ್ಕುಂಟು. ಆದರೆ ಅದರಲ್ಲಿ ಕೂತು ಯಾರೂ ಒಂದು ಪತ್ರ ಬರೆದದ್ದಿಲ್ಲ, ಒಂದು ಫೋಟೊ ಇಟ್ಟದ್ದಿಲ್ಲ, ಇಂಟರ್ನೆಟ್ ನೋಡಿದ್ದಿಲ್ಲ. ಉಳಿದ ಅಕೌಂಟುಗಳು ಕೈಕೊಟ್ಟ ದಿನಕ್ಕೆಂದು ಕಾದು ಕೂರುವುದೇ ಅದರ ಕೆಲಸ. ಅದನ್ನು ಮೊದಲು ಮಾಡಿಟ್ಟವಳು ನನ್ನ ಅಕ್ಕ. ಕಾಪಾಡಿಕೊಂಡು ಬರುವ ಪಾಳಿ ಈಗ ನನ್ನದು.

ಮೊದಲ ಕಂಪ್ಯೂಟರು ಬಂದದ್ದು 2003ರಲ್ಲಿ, ಅಪ್ಪ ನಿವೃತ್ತರಾದ ಮೇಲೆ. ಗೋರೆಗಾಂವ್ ಪಶ್ಚಿಮದ ಮೋತಿಲಾಲ್ ನಗರದಲ್ಲಿ ನಮ್ಮದು ಸರಕಾರಿ ವಸತಿ ಸಂಸ್ಥೆ ಮ್ಹಾಡಾದ ನೆಲಮಟ್ಟದ ಮನೆ. ಒಂದು ಖೋಲಿ, ಒಂದು ಅಡುಗೆಮನೆ, ಮಧ್ಯದಲ್ಲಿ ಪರದೆ. ಆಗ ಮುಂಬಯಿಯಲ್ಲಿ ಕಂಪ್ಯೂಟರು ಎಂದರೆ ಲ್ಯಾಮಿಂಗ್ಟನ್ ರೋಡ್. ಅಪ್ಪ, ಅಕ್ಕ, ತಮ್ಮ ಮೂವರೂ ಹೋಗಿ ಅಂಗಡಿಯಲ್ಲೇ ನಿಂತು ಜೋಡಿಸಿಕೊಂಡು, ಗ್ರ್ಯಾಂಟ್ ರೋಡ್ ಸ್ಟೇಷನ್ನಿನಿಂದ ಸ್ಲೋ ಲೋಕಲಿನ ಲಗೇಜ್ ಡಬ್ಬಿಯಲ್ಲಿ ಹೇರಿಕೊಂಡು ಬಂದರು. ಮಾನಿಟರ್ ಆಗಿನ ಕಾಲದ್ದು, ಹಿಂದೆ ದೊಡ್ಡ ಹೊಟ್ಟೆ. ಅದನ್ನಿಡಲು ಅಮ್ಮನ ಹೊಲಿಗೆ ಯಂತ್ರ ಜಾಗ ಬಿಟ್ಟುಕೊಡಬೇಕಾಯಿತು.

ಅಪ್ಪನಿಗೆ ಅದು ಬೇಕಾಗಿದ್ದದ್ದು ಕನ್ನಡಕ್ಕೆ. ಕಾರ್ಕಳದ ಕಡೆಯ ಹಳ್ಳಿಯಿಂದ ಹುಡುಗನಾಗಿ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ಫೋರ್ಟಿನ ಕನ್ನಡ ರಾತ್ರಿ ಶಾಲೆಯಲ್ಲಿ ಓದಿ, ಕೊನೆಗೆ ಒಂದು ಕಚೇರಿಯಲ್ಲಿ ಟೈಪಿಸ್ಟ್ ಆಗಿ ನಿವೃತ್ತರಾದವರು. ಮುಂಬಯಿ ಕನ್ನಡ ಪತ್ರಿಕೆಗಳಿಗೆ ಬರೆಯುತ್ತಿದ್ದರು. ಗೋರೆಗಾಂವ್ ಕರ್ನಾಟಕ ಸಂಘದ ಕಾರ್ಯಕ್ರಮಗಳೆಂದರೆ ಮುಂದಿನ ಸಾಲಿನಲ್ಲಿ ಇರುತ್ತಿದ್ದರು. ಪರಿಚಯದವರ ಮನೆಯ ಮದುವೆ ಕಾಗದ, ಪೂಜೆಯ ಕರೆಯೋಲೆ, ಯಕ್ಷಗಾನದ ಕರಪತ್ರ ಎಲ್ಲವನ್ನೂ ಅವರೇ ಬರೆದುಕೊಡುತ್ತಿದ್ದರು. ಶೇಷಾದ್ರಿ ವಾಸು ಅವರ ‘ಬರಹ’ ತಂತ್ರಾಂಶ ಆಗ ಮನೆಮನೆಗೆ ಬರುತ್ತಿತ್ತು. ಅದರಲ್ಲಿ ಕೆ.ಪಿ. ರಾಯರ ವಿನ್ಯಾಸದ ಕೀಲಿಮಣೆಯನ್ನು ಅಪ್ಪ ಆರಿಸಿಕೊಂಡರು. ಕಿನ್ನಿಕಂಬಳ ಪದ್ಮನಾಭ ರಾಯರು ಮುಂಬಯಿಯಲ್ಲಿದ್ದು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ (ಟಿ.ಐ.ಎಫ್.ಆರ್.) ಕೆಲಸ ಮಾಡಿದವರು ಎಂಬುದು ಅಪ್ಪನಿಗೆ ಬಹಳ ಅಭಿಮಾನದ ವಿಷಯ. ಟೈಪಿಸ್ಟನ ಬೆರಳು ವಾರದೊಳಗೆ ಪಳಗಿತು.

ನಮ್ಮ ಕಂಪ್ಯೂಟರಿನಲ್ಲಿದ್ದ ವಿಂಡೋಸ್ ಎಕ್ಸ್‌ಪಿ 2001ರಲ್ಲಿ ಬಂದದ್ದು. ಅದನ್ನು ಹಾಕುವಾಗ, ಈ ಕಂಪ್ಯೂಟರನ್ನು ಯಾರು ಯಾರು ಬಳಸುತ್ತೀರಿ ಎಂದು ಅದು ಕೇಳುತ್ತಿತ್ತು. ಐದು ಹೆಸರು ಬರೆಯಲು ಜಾಗ. ಅಂಗಡಿಯ ಹುಡುಗ ಕೇಳಿ ಕೇಳಿ ನಮ್ಮೆಲ್ಲರ ಹೆಸರು ತುಂಬಿದ. ಹಾಗೆ ಬರೆದ ಹೆಸರುಗಳೆಲ್ಲ ಪಾಸ್‌ವರ್ಡೇ ಇಲ್ಲದ ಅಡ್ಮಿನಿಸ್ಟ್ರೇಟರುಗಳಾಗುತ್ತಿದ್ದವು. ಅಂದರೆ ನಮ್ಮ ಮನೆಯ ಐವರಿಗೂ, ಮೌಸ್ ಹಿಡಿಯಲು ಇನ್ನೂ ಕಲಿಯದ ಅಮ್ಮನೂ ಸೇರಿ, ಇಡೀ ಯಂತ್ರದ ಮೇಲೆ ಸಮನಾದ ಅಧಿಕಾರ. ತಮ್ಮ ತಂದು ಹಾಕಿದ ಆಟದ ಸಿ.ಡಿ.ಯೂ ಆ ಅಧಿಕಾರದಲ್ಲೇ ಓಡುತ್ತಿತ್ತು, ಆ ಸಿ.ಡಿ.ಯ ಬೆನ್ನಿಗೆ ಬಂದದ್ದೂ ಅದೇ ಅಧಿಕಾರದಲ್ಲಿ ಒಳಗೆ ಕೂರುತ್ತಿತ್ತು. ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಅಪ್ಪ ‘ಬರಹ’ ತೆರೆಯಲು ಒತ್ತಿ, ಚಹಾ ಕುಡಿದು ಬರುವಷ್ಟು ಕಾಯಬೇಕಾಗಿತ್ತು.

ಅಕ್ಕ ಆಗ ಅಂಧೇರಿಯ ಸೀಪ್ಝ್‌ನಲ್ಲಿ ಒಂದು ಕಂಪೆನಿಯ ಕಂಪ್ಯೂಟರ್ ವಿಭಾಗದಲ್ಲಿದ್ದಳು. ಒಂದು ಭಾನುವಾರ ಬೆಳಗ್ಗೆ ಕೂತು ಎಲ್ಲ ಅಳಿಸಿ ಹೊಸದಾಗಿ ಹಾಕಿದಳು. ಈ ಸಲ ಎಲ್ಲರ ಅಕೌಂಟೂ ‘ಲಿಮಿಟೆಡ್’. ಅಡ್ಮಿನ್ ಅಕೌಂಟು ಎರಡು: ಒಂದು ಅವಳ ಕೈಯಲ್ಲಿ, ಇನ್ನೊಂದು ಸುಮ್ಮನೆ ಇಟ್ಟದ್ದು. ಆ ಇನ್ನೊಂದಕ್ಕೆ ಊರಿನಲ್ಲಿದ್ದ ಅಜ್ಜಿಯ ಹೆಸರಿಟ್ಟಳು. ಕಂಪ್ಯೂಟರ್ ಮುಟ್ಟಲು ಎಂದೂ ಬಾರದವರ ಹೆಸರಾದರೆ, ಯಾರಿಗೂ ಅದರಲ್ಲಿ ಕೂರುವ ಮನಸ್ಸಾಗುವುದಿಲ್ಲ ಎಂದು ಅವಳ ಲೆಕ್ಕ. ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆದಳು. ಅಕೌಂಟಿನ ಹೆಸರಿನಲ್ಲೇ ಅದರ ಫೋಲ್ಡರೂ ಆಗುವುದರಿಂದ, ಕನ್ನಡದಲ್ಲಿ ಬರೆದರೆ ಆಗಿನ ಎಷ್ಟೋ ಹಳೆಯ ತಂತ್ರಾಂಶಗಳು ಆ ಫೋಲ್ಡರನ್ನು ಓದಲಾಗದೆ ನಿಂತುಬಿಡುತ್ತಿದ್ದವು.

ತನ್ನ ಅಧಿಕಾರ ಹೀಗೆ ಕಡಿಮೆಯಾದದ್ದು ಅಪ್ಪನಿಗೆ ಹಿಡಿಸಲಿಲ್ಲ. ಹೆಚ್ಚು ಮಾತಾಡುವವರಲ್ಲ ಅವರು. ಆದರೆ ಮರುವಾರ ಮುದ್ರಣಾಲಯದವರು ಕೊಟ್ಟ ಒಂದು ಕನ್ನಡ ಫಾಂಟ್ ಹಾಕಲು ಹೋದಾಗ, ನಿಮಗೆ ಅನುಮತಿ ಇಲ್ಲ ಎಂದು ಪರದೆ ಹೇಳಿತು. ಎಕ್ಸ್‌ಪಿಯಲ್ಲಿ ಕನ್ನಡಕ್ಕೆ ಅಡ್ಮಿನ್ ಅಧಿಕಾರ ಬೇಕಾಗುತ್ತಿದ್ದದ್ದು ಎಲ್ಲೆಲ್ಲ ಎಂದರೆ, ಫಾಂಟ್ ಹಾಕಲು ಬೇಕು, ಯೂನಿಕೋಡ್ ಕನ್ನಡ ಸರಿಯಾಗಿ ಮೂಡಬೇಕಾದರೆ ಕಂಟ್ರೋಲ್ ಪ್ಯಾನೆಲಿಗೆ ಹೋಗಿ ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಎಂಬಲ್ಲಿ ಗುರುತು ಹಾಕಿ ವಿಂಡೋಸಿನ ಸಿ.ಡಿ. ತುರುಕಲು ಬೇಕು, ‘ಬರಹ’ದ ಹೊಸ ಆವೃತ್ತಿ ಹಾಕಲು ಬೇಕು. ಇಂಗ್ಲಿಷಿನಲ್ಲಿ ಬರೆಯುವವನಿಗೆ ಇದಾವುದರ ಗೊಡವೆಯಿಲ್ಲ. ಅಪ್ಪ ಅಕ್ಕನ ಎದುರು ನಿಂತು ಕೇಳಿದರು:

“ನನ್ನ ಮನೆಯ ಕಂಪ್ಯೂಟರಿನಲ್ಲಿ ನಾನೇ ಲಿಮಿಟೆಡ್ಡಾ?”

ಅಕ್ಕ ಉತ್ತರ ಕೊಟ್ಟ ರೀತಿ ನನಗೆ ಈಗಲೂ ಮೆಚ್ಚುಗೆ. ಕುರ್ಚಿ ಎಳೆದು ಅಪ್ಪನನ್ನು ಕೂರಿಸಿ ಹೇಳಿದಳು. “ಅಧಿಕಾರ ನಿಮ್ಮದೇ ಅಪ್ಪ. ಆದರೆ ಲೇಖನ ಬರೆಯುವಾಗ ನಿಮಗೆ ಅದರಿಂದ ಎಂತ ಕೆಲಸ ಉಂಟು? ನೀವು ಬರೆಯುತ್ತಿರುವಾಗ ಒಳಗೆ ಬರುವ ವೈರಸ್ಸಿಗೆ ನಿಮ್ಮಷ್ಟೇ ಅಧಿಕಾರ ಸಿಗುತ್ತದೆ. ನಿಮ್ಮ ಕೈಯಲ್ಲಿ ಕಮ್ಮಿ ಇದ್ದರೆ ಅದರ ಕೈಯಲ್ಲೂ ಕಮ್ಮಿ.” ಆಮೇಲೆ ಅಜ್ಜಿ ಅಕೌಂಟಿನ ಪಾಸ್‌ವರ್ಡನ್ನು ಒಂದು ಚೀಟಿಯಲ್ಲಿ ಬರೆದು ಅಪ್ಪನ ಕೈಗೇ ಕೊಟ್ಟಳು. ಫಾಂಟ್ ಬಂದ ದಿನ ವಿಂಡೋಸ್ ಕೀಲಿ ಮತ್ತು ಎಲ್ ಒತ್ತಿ ಯೂಸರ್ ಬದಲಿಸುವುದು, ಫಾಂಟ್ ಹಾಕುವುದು, ಹೊರಗೆ ಬಂದು ಮತ್ತೆ ತನ್ನ ಅಕೌಂಟಿಗೆ ಕೂರುವುದು – ಇಷ್ಟನ್ನು ಕಲಿಸಿದಳು. ಅಪ್ಪ ಚೀಟಿಯನ್ನು ಮಡಿಸಿ, ಕಪಾಟಿನಲ್ಲಿ ರೇಷನ್ ಕಾರ್ಡು, ಎಲ್.ಐ.ಸಿ. ಪಾಲಿಸಿ ಇರುವ ಫೈಲಿನೊಳಗೆ ಸೇರಿಸಿದರು. ಅಲ್ಲಿಂದ ಮುಂದೆ ಅವರು ಆ ಬಗ್ಗೆ ದೂರಿದ್ದಿಲ್ಲ.

2005ರ ಜುಲೈ 26, ಮಂಗಳವಾರ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದದ್ದು ಮುಂಬಯಿಯವರಿಗೆ ಹೇಳಿಕೊಡಬೇಕಾಗಿಲ್ಲ. ಮೋತಿಲಾಲ್ ನಗರ ತಗ್ಗಿನಲ್ಲಿದೆ. ಮಧ್ಯಾಹ್ನ ಓಣಿಯಲ್ಲಿದ್ದ ನೀರು ಸಂಜೆಗೆ ಹೊಸ್ತಿಲು ದಾಟಿತು. ಅಕ್ಕ ಸೀಪ್ಝ್‌ನಲ್ಲೇ ಸಿಕ್ಕಿಕೊಂಡು ರಾತ್ರಿ ಕಚೇರಿಯ ಮೇಜಿನ ಮೇಲೆ ಮಲಗಿದಳು. ಇಲ್ಲಿ ಅಮ್ಮ ಅಕ್ಕಿಯ ಡಬ್ಬ ಎತ್ತಿದರು, ಅಪ್ಪ ಮಾನಿಟರನ್ನು ಮಂಚಕ್ಕೆ ಸಾಗಿಸಿದರು, ನಾನೂ ತಮ್ಮನೂ ಹಾಸಿಗೆ ಬಟ್ಟೆಗಳನ್ನು ಅಟ್ಟಕ್ಕೆ ಹಾಕಿದೆವು. ಅಷ್ಟರಲ್ಲಿ ಕರೆಂಟು ಹೋಯಿತು. ಮೇಜಿನ ಕೆಳಗಿದ್ದ ಕ್ಯಾಬಿನೆಟ್ಟಿನ ಅರ್ಧದವರೆಗೆ ನೀರು ಬಂದು ಹೋದದ್ದು ಬೆಳಗಾದ ಮೇಲೆ, ಕಂದು ಗೆರೆ ಕಂಡಾಗಲೇ ಗೊತ್ತಾದದ್ದು. ಮದರ್‌ಬೋರ್ಡಿಗೆ ಕೆಸರು ಕೂತಿತ್ತು. ಹಾರ್ಡ್ ಡಿಸ್ಕ್ ಮೇಲಿನ ಗೂಡಿನಲ್ಲಿದ್ದದ್ದರಿಂದ ಒಣಗೇ ಇತ್ತು.

ತಿಂಗಳ ನಂತರ ಇನ್ನೊಂದು ಕಂಪ್ಯೂಟರು ತಂದೆವು. ಹಳೆಯ ಡಿಸ್ಕನ್ನು ಜಂಪರ್ ಬದಲಿಸಿ, ಅಗಲದ ರಿಬ್ಬನ್ ಕೇಬಲಿನಲ್ಲಿ ಎರಡನೆಯ ಡಿಸ್ಕಾಗಿ ಅಕ್ಕ ಸಿಕ್ಕಿಸಿದಳು. ಡಿಸ್ಕ್ ಕಾಣಿಸಿತು, ಎಲ್ಲರ ಫೋಲ್ಡರುಗಳೂ ಕಾಣಿಸಿದವು. ಅಪ್ಪನದನ್ನು ಒತ್ತಿದರೆ ಮಾತ್ರ ‘ಆಕ್ಸೆಸ್ ಡಿನೈಡ್’. ಎರಡು ವರ್ಷಗಳ ಬರಹವೆಲ್ಲ ಆ ಫೋಲ್ಡರಿನಲ್ಲಿತ್ತು. ಆದದ್ದೇನೆಂದರೆ, ತನ್ನ ಅಕೌಂಟಿಗೆ ಪಾಸ್‌ವರ್ಡ್ ಹಾಕಿಕೊಂಡಾಗ, ನಿಮ್ಮ ಕಡತಗಳನ್ನು ಖಾಸಗಿಯಾಗಿ ಇಡಬೇಕೇ ಎಂದು ಎಕ್ಸ್‌ಪಿ ಕೇಳುತ್ತಿತ್ತು, ಅಪ್ಪ ಹೌದೆಂದಿದ್ದರು. ಯಾರಾದರೂ ಹೌದೆಂದೇ ಹೇಳುವ ಪ್ರಶ್ನೆ ಅದು.

ಆ ರಾತ್ರಿಯ ಕೆಲಸವನ್ನು ನಾನು ಅಕ್ಕನ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ನೋಡಿದವಳು. ನಮ್ಮದು ಎಕ್ಸ್‌ಪಿಯ ಹೋಮ್ ಆವೃತ್ತಿ. ಯಾವ ಫೋಲ್ಡರು ಯಾರದ್ದೆಂದು ಬದಲಿಸುವ ‘ಸೆಕ್ಯುರಿಟಿ’ ಎಂಬ ಹಾಳೆ ಆ ಆವೃತ್ತಿಯಲ್ಲಿ ಮಾಮೂಲಿಯಾಗಿ ಕಾಣುವುದೇ ಇಲ್ಲ. ಸೇಫ್ ಮೋಡಿಗೆ ಹೋದರೆ ಮಾತ್ರ ಕಾಣುತ್ತದೆ. ಅಕ್ಕ ಯಂತ್ರ ಎದ್ದೇಳುವಾಗ ಎಫ್8 ಒತ್ತುತ್ತಾ ಕೂತಳು. ಕಪ್ಪು ಪರದೆ ಬಂತು, ನಾಲ್ಕು ಮೂಲೆಯಲ್ಲೂ ‘ಸೇಫ್ ಮೋಡ್’ ಎಂಬ ಬಿಳಿ ಅಕ್ಷರ, ಚಿತ್ರಗಳೆಲ್ಲ ದೊಡ್ಡ ದೊಡ್ಡದು. ಲಾಗಿನ್ ಮಾಡುವಲ್ಲಿ ಅಲ್ಲಿಯವರೆಗೆ ಕಾಣದಿದ್ದ ಒಂದು ಹೆಸರು ನಿಂತಿತ್ತು: ‘ಅಡ್ಮಿನಿಸ್ಟ್ರೇಟರ್’. ಅಕ್ಕ ಅದರ ಮೇಲೆ ಒತ್ತಿದಳು. ಪಾಸ್‌ವರ್ಡನ್ನೇ ಕೇಳದೆ ಒಳಗೆ ಬಿಟ್ಟಿತು.

“ನೋಡು,” ಎಂದಳು ನನಗೆ. “ನಾವು ಎಷ್ಟು ಬೀಗ ಹಾಕಿದರೂ ಇದು ತೆರೆದೇ ಉಂಟು. ಮುಂಬಯಿಯಲ್ಲಿ ಎಷ್ಟು ಮನೆಯಲ್ಲಿ ಹೀಗೆ ಉಂಟೋ.” ಎಕ್ಸ್‌ಪಿ ಹೋಮ್‌ನೊಳಗೆ ಹುಟ್ಟಿನಿಂದಲೇ ಇರುವ ಅಡ್ಮಿನಿಸ್ಟ್ರೇಟರ್ ಅದು. ಅದಕ್ಕೊಂದು ಪಾಸ್‌ವರ್ಡ್ ಹಾಕಬೇಕೆಂದು ಯಾರೂ ಹೇಳುವುದಿಲ್ಲ, ದಿನದ ಬಳಕೆಯಲ್ಲಿ ಅದು ಕಣ್ಣಿಗೂ ಬೀಳುವುದಿಲ್ಲ. ನೆಟ್‌ವರ್ಕಿನ ಮೂಲಕ ಪಾಸ್‌ವರ್ಡ್ ಇಲ್ಲದ ಅಕೌಂಟಿನೊಳಗೆ ಬರಲು ಎಕ್ಸ್‌ಪಿ ಬಿಡುತ್ತಿರಲಿಲ್ಲ, ಅದೊಂದು ಸಮಾಧಾನ. ಆದರೆ ಕಂಪ್ಯೂಟರಿನ ಎದುರೇ ಕೂತವನಿಗೆ ಯಾವ ತಡೆಯೂ ಇಲ್ಲ. ಅಕ್ಕ ಮೊದಲು ಅದಕ್ಕೆ ಪಾಸ್‌ವರ್ಡ್ ಹಾಕಿದಳು. ಅಪ್ಪನ ಕೆಲಸಕ್ಕೆ ಕೈಹಾಕಿದ್ದು ಆಮೇಲೆ.

ಸೆಕ್ಯುರಿಟಿ ಹಾಳೆ ತೆರೆದಾಗ, ಫೋಲ್ಡರಿನ ಒಡೆಯರ ಜಾಗದಲ್ಲಿ ಅಪ್ಪನ ಹೆಸರಿರಲಿಲ್ಲ. ‘ಎಸ್-1-5-21’ ಎಂದು ಶುರುವಾಗಿ ಸಾಲು ಮುಗಿಯುವವರೆಗೆ ಓಡುವ ಒಂದು ಅಂಕಿಗಳ ಮಾಲೆ ಇತ್ತು. ಅಪ್ಪ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. “ಇದು ನಾನಾ?” ಅಕ್ಕ ಹೌದೆಂದಳು. ವಿಂಡೋಸ್ ಯಾರನ್ನೂ ಹೆಸರಿನಿಂದ ಗುರುತಿಸುವುದಿಲ್ಲ, ಅಕೌಂಟು ಹುಟ್ಟಿದಾಗ ಕೊಟ್ಟ ಆ ಅಂಕಿಯಿಂದ ಗುರುತಿಸುತ್ತದೆ. ಹೊಸ ಯಂತ್ರದಲ್ಲಿ ಅದೇ ಹೆಸರು, ಅದೇ ಪಾಸ್‌ವರ್ಡ್ ಇಟ್ಟರೂ ಅಂಕಿ ಬೇರೆ. ಹಾಗಾಗಿ ಹೊಸ ಅಪ್ಪನಿಗೆ ಹಳೆಯ ಅಪ್ಪನ ಫೋಲ್ಡರು ತೆರೆಯುವುದಿಲ್ಲ. ಒಡೆತನ ಬದಲಿಸಿಕೊಡಲು ಅಡ್ಮಿನಿಸ್ಟ್ರೇಟರ್ ಒಬ್ಬರೇ ಶಕ್ತರು. ಅಕ್ಕ ‘ಓನರ್’ ಎಂಬಲ್ಲಿ ಹೊಸ ಹೆಸರು ಆರಿಸಿ, ಒಳಗಿನ ಎಲ್ಲ ಕಡತಗಳಿಗೂ ಅನ್ವಯಿಸಲು ಗುರುತು ಹಾಕಿ ಒತ್ತಿದಳು. ಪುಟ್ಟ ಚೌಕದಲ್ಲಿ ಕಡತಗಳ ಹೆಸರು ಒಂದರ ಹಿಂದೊಂದು ಸರಿದುಹೋದವು. ಅಪ್ಪ ಪ್ರತಿಯೊಂದನ್ನೂ ಬಾಯಿಬಿಟ್ಟು ಓದುತ್ತಿದ್ದರು: ಊರಿನ ಕೋಲದ ಬಗ್ಗೆ ಬರೆದದ್ದು, ರಾತ್ರಿ ಶಾಲೆಯ ಮೇಷ್ಟ್ರ ಬಗ್ಗೆ ಬರೆದದ್ದು, ಒಂದು ಅರ್ಧ ಬರೆದ ನಾಟಕ. ಖಾಸಗಿ ಮಾಡುವುದು ಬೇರೆ, ಎನ್‌ಕ್ರಿಪ್ಟ್ ಮಾಡುವುದು ಬೇರೆ ಎಂದೂ ಅಕ್ಕ ಅಂದೇ ಹೇಳಿದಳು. ಹೋಮ್ ಆವೃತ್ತಿಯಲ್ಲಿ ಎನ್‌ಕ್ರಿಪ್ಟ್ ಮಾಡುವ ಸೌಲಭ್ಯವೇ ಇರಲಿಲ್ಲ. ಪ್ರೊಫೆಷನಲ್ ಆವೃತ್ತಿಯಿದ್ದು, ಅಪ್ಪ ಅದನ್ನು ಬಳಸಿದ್ದರೆ, ಕೀಲಿಯ ಪ್ರತಿ ತೆಗೆದಿಡದೆ ಯಾವ ಅಡ್ಮಿನ್ನಿಗೂ ಅವು ಸಿಗುತ್ತಿರಲಿಲ್ಲ.

ಕೆಲಕಾಲದ ಮೇಲೆ ನಾನು ಬ್ಯಾಂಕಿಗೆ ಸೇರಿದೆ. ಅಧಿಕಾರಿಯಾಗಿ ಸ್ಟ್ರಾಂಗ್ ರೂಮಿನ ಕೀಲಿ ಕೈಗೆ ಬಂದಾಗ, ಅಕ್ಕ ಮನೆಯಲ್ಲಿ ಮಾಡಿದ್ದರ ಪೂರ್ತಿ ಅರ್ಥ ನನಗಾಯಿತು. ಬ್ಯಾಂಕಿನಲ್ಲಿ ಸ್ಟ್ರಾಂಗ್ ರೂಮಿಗೆ ಎರಡು ಕೀಲಿ, ಇಬ್ಬರ ಕೈಯಲ್ಲಿ. ಇಬ್ಬರೂ ಬಾರದೆ ಬಾಗಿಲು ತೆರೆಯುವುದಿಲ್ಲ. ಡೂಪ್ಲಿಕೇಟ್ ಕೀಲಿಗಳು ಆ ಶಾಖೆಯಲ್ಲಿ ಇರುವುದೇ ಇಲ್ಲ, ಅರಗು ಮುದ್ರೆ ಹಾಕಿ ಬೇರೆ ಶಾಖೆಯಲ್ಲಿ ಇಟ್ಟಿರುತ್ತಾರೆ. ಗೊತ್ತುಮಾಡಿದ ಅವಧಿಗೊಮ್ಮೆ ಅವನ್ನು ತರಿಸಿ, ಬೀಗಕ್ಕೆ ಹಾಕಿ ನೋಡಿ, ಬಳಕೆಯ ಕೀಲಿಯೊಂದಿಗೆ ಅದಲುಬದಲು ಮಾಡಬೇಕು. ಇಟ್ಟ ಕೀಲಿ ಬೀಗಕ್ಕೆ ಹೊಂದುತ್ತದೋ ಇಲ್ಲವೋ ಎಂಬುದು ತೊಂದರೆಯ ದಿನ ಗೊತ್ತಾಗಬಾರದು. ಮನೆಯ ಕಂಪ್ಯೂಟರಿಗೂ ಇದಕ್ಕಿಂತ ಹೆಚ್ಚಿನ ಶಾಸ್ತ್ರವೇನೂ ಬೇಡ. ಒಂದು ಅಡ್ಮಿನ್ ಅಕೌಂಟು ಹೆಚ್ಚಿಗೆ ಇರಬೇಕು. ದಿನದ ಕೆಲಸಕ್ಕೆ ಅದನ್ನು ಮುಟ್ಟಬಾರದು. ಅದರ ಪಾಸ್‌ವರ್ಡ್, ಅದನ್ನು ಮಾಡಿದವನಲ್ಲದೆ ಇನ್ನೊಬ್ಬರ ಕೈಗೂ ಸಿಗುವ ಹಾಗಿರಬೇಕು. ಆಗಾಗ ತೆರೆದು ನೋಡಬೇಕು. ನಾಲ್ಕರಲ್ಲಿ ಮೂರನೆಯದನ್ನೇ ಜನ ಬಿಟ್ಟುಬಿಡುತ್ತಾರೆ. ನನ್ನ ಅನುಭವದಲ್ಲಿ ಅದೇ ಎಲ್ಲಕ್ಕಿಂತ ಮುಖ್ಯ.

ತೆರೆದು ನೋಡುವುದಕ್ಕೆ ನಾವು ಆಯುಧ ಪೂಜೆಯನ್ನು ಗೊತ್ತುಮಾಡಿಕೊಂಡೆವು. ಸ್ಟೇಷನ್ ಹತ್ತಿರದ ಮಾರ್ಕೆಟಿನಲ್ಲಿ ಅಂದು ಗೊಂಡೆ ಹೂವಿನ ರಾಶಿ. ಅಮ್ಮ ಹೊಲಿಗೆ ಯಂತ್ರಕ್ಕೆ, ಗ್ರೈಂಡರಿಗೆ, ಕಂಪ್ಯೂಟರಿಗೆ ಕುಂಕುಮ ಹಚ್ಚಿ ಹೂವಿಡುತ್ತಾರೆ. ಆರತಿಯಾದ ಮೇಲೆ ನಾವು ಅಜ್ಜಿ ಅಕೌಂಟನ್ನು ತೆರೆಯುತ್ತೇವೆ. ಪಾಸ್‌ವರ್ಡ್ ಹಿಡಿಯುತ್ತದೋ ನೋಡುವುದು, ಬಾಕಿ ಅಪ್‌ಡೇಟ್ ಹಾಕುವುದು, ಯೂಸರುಗಳ ಪಟ್ಟಿಯಲ್ಲಿ ನಮಗೆ ಗೊತ್ತಿಲ್ಲದ ಹೆಸರು ಸೇರಿದೆಯೋ ಪರಿಶೀಲಿಸುವುದು. ಒಂದು ವರ್ಷ ನಿಜವಾಗಿಯೂ ಸೇರಿತ್ತು. ರಿಪೇರಿಗೆ ಬಂದಿದ್ದ ಹುಡುಗನೊಬ್ಬ ತನ್ನ ಅನುಕೂಲಕ್ಕೆಂದು ಒಂದು ಅಡ್ಮಿನ್ ಅಕೌಂಟು ಮಾಡಿಕೊಂಡು, ತೆಗೆಯದೆ ಹೋಗಿದ್ದ. ಅದರಲ್ಲಿ ದುರುದ್ದೇಶ ಇತ್ತೆಂದು ನಾನು ಹೇಳಲಾರೆ. ಆದರೆ ನಮ್ಮ ಮನೆಯ ಅಧಿಕಾರದ ಒಂದು ಪಾಲು ತಿಂಗಳುಗಟ್ಟಲೆ ಹೊರಗಿನವರ ಹೆಸರಿನಲ್ಲಿತ್ತು. ಅಳಿಸುವಾಗ, ಅದರ ಕಡತಗಳನ್ನು ಇಟ್ಟುಕೊಳ್ಳಬೇಕೋ ತೆಗೆಯಬೇಕೋ ಎಂದು ವಿಂಡೋಸ್ ಕೇಳಿತು. ತೆಗೆದೆವು.

ಅಕ್ಕ ಮದುವೆಯಾಗಿ ಮಸ್ಕತ್‌ಗೆ ಹೋದಳು. ಹೋಗುವ ಮೊದಲು ತನ್ನ ಅಡ್ಮಿನ್ ಅಕೌಂಟನ್ನು ತಾನೇ ಅಳಿಸಿ, ನನ್ನ ಹೆಸರಿನಲ್ಲಿ ಒಂದು ಮಾಡಿಕೊಟ್ಟಳು. “ಇಲ್ಲಿ ಇಲ್ಲದವರ ಹೆಸರಿನಲ್ಲಿ ಅಧಿಕಾರ ಇರುವುದು ಬೇಡ” ಎಂದಳು. ಅಜ್ಜಿ ಅಷ್ಟರಲ್ಲಿ ತೀರಿಕೊಂಡಿದ್ದರು. ಅವರ ಹೆಸರಿನದ್ದನ್ನು ಬಿಟ್ಟಳು.

ವಿಂಡೋಸ್ ತಾನೂ ಕಲಿಯುತ್ತಾ ಬಂದಿತ್ತು. 2007ರಲ್ಲಿ ಬಂದ ವಿಸ್ತಾದಿಂದ ಮುಂದೆ, ಹುಟ್ಟಿನಿಂದ ಇರುವ ಅಡ್ಮಿನಿಸ್ಟ್ರೇಟರ್ ಅಕೌಂಟನ್ನು ಮುಚ್ಚಿಯೇ ಕೊಡತೊಡಗಿದರು. ಅಡ್ಮಿನ್ ಆಗಿ ಕೂತಿದ್ದರೂ ದೊಡ್ಡ ಬದಲಾವಣೆ ಮಾಡುವಾಗ ಪರದೆ ಮಬ್ಬಾಗಿ, ಒಪ್ಪಿಗೆ ಇದೆಯೇ ಎಂದು ಕೇಳುತ್ತದೆ. ಸಾಮಾನ್ಯ ಅಕೌಂಟಿನಲ್ಲಿದ್ದರೆ ಅಲ್ಲೇ ಅಡ್ಮಿನ್ನಿನ ಪಾಸ್‌ವರ್ಡ್ ಬರೆದು ಮುಂದುವರಿಯಬಹುದು, ಯೂಸರ್ ಬದಲಿಸಬೇಕಾಗಿಲ್ಲ. ಆ ಪ್ರಶ್ನೆಯ ಕಾಟ ತಾಳದೆ ಎಷ್ಟೋ ಜನ ಅದನ್ನೇ ಆಫ್ ಮಾಡಿಬಿಟ್ಟರು. ಅಪ್ಪ ಮಾತ್ರ ಅದನ್ನು ಇಷ್ಟಪಟ್ಟರು. ಕೇಳಿ ಮಾಡುವುದು ಒಳ್ಳೆಯದು ಎಂದರು.

ವಿಂಡೋಸ್ 7 ಇದ್ದ ಕಾಲದಲ್ಲಿ ಅಜ್ಜಿ ಅಕೌಂಟಿಗೆ ನಿಜವಾದ ಕೆಲಸ ಬಿತ್ತು. ಆರೆ ರೋಡಿನ ಕೇಶವ ಗೋರೆ ಸ್ಮಾರಕದ ಸಭಾಗೃಹದಲ್ಲಿ ಪರಿಚಯದವರೊಬ್ಬರ ಪುಸ್ತಕ ಬಿಡುಗಡೆ. ಕರೆಯೋಲೆ, ಸ್ವಾಗತ ಭಾಷಣ ಎಲ್ಲ ಅಪ್ಪನ ಅಕೌಂಟಿನಲ್ಲಿ. ಹಿಂದಿನ ರಾತ್ರಿ ಮಳೆಗೆ ಕರೆಂಟು ಹೋಗಿ ಬಂದು ಮಾಡಿತ್ತು. ಬೆಳಗ್ಗೆ ಅಪ್ಪ ಪಾಸ್‌ವರ್ಡ್ ಬರೆದರೆ, ಯೂಸರ್ ಪ್ರೊಫೈಲ್ ತೆರೆಯಲಾಗುತ್ತಿಲ್ಲ ಎಂದು ಬರೆದು ಮತ್ತೆ ಅದೇ ಪರದೆಗೆ ತಂದು ನಿಲ್ಲಿಸಿತು. ಪಾಸ್‌ವರ್ಡ್ ಸರಿಯೇ ಇದೆ, ಬಾಗಿಲಿನೊಳಗಿನ ಕೋಣೆಯೇ ಕೆಟ್ಟಿದೆ ಎಂಬಂಥ ಸ್ಥಿತಿ. ಆ ಯಂತ್ರದಲ್ಲಿ ಅಪ್ಪನ ಅಕೌಂಟು ಒಂದೇ ಇದ್ದಿದ್ದರೆ ಎಲ್ಲ ಅಳಿಸಿ ಹಾಕುವ ಮಾತೇ ಬರುತ್ತಿತ್ತು. ನಾನು ಅಜ್ಜಿಯಾಗಿ ಒಳಗೆ ಹೋದೆ. ಮೊದಲು ಅಪ್ಪನ ಇಡೀ ಫೋಲ್ಡರನ್ನು ಪೆನ್ ಡ್ರೈವಿಗೆ ತೆಗೆದೆ. ರಿಪೇರಿಗೆ ಮುಂಚೆ ನಕಲು ಎಂಬುದು ಅಕ್ಕನ ಕಟ್ಟುನಿಟ್ಟು. ಆಮೇಲೆ ಅವಳಿಗೆ ಮಸ್ಕತ್‌ಗೆ ಫೋನು ಹಚ್ಚಿ, ಅವಳು ಹೇಳಿದ ಹಾಗೆ ರಿಜಿಸ್ಟ್ರಿಯಲ್ಲಿ ‘ಪ್ರೊಫೈಲ್ ಲಿಸ್ಟ್’ ಎಂಬಲ್ಲಿಗೆ ಇಳಿದೆ. ಅಲ್ಲಿ ಮತ್ತೆ ಎಸ್-1-5-21ರ ಮಾಲೆಗಳು. ಅಪ್ಪನ ಅಂಕಿ ಎರಡು ಸಲ ಇತ್ತು, ಒಂದರ ಬಾಲದಲ್ಲಿ ‘.ಬಿಎಕೆ’. ಬಾಲ ಇಲ್ಲದ್ದು ಕೆಟ್ಟದ್ದು, ಬಾಲ ಇರುವುದು ಒಳ್ಳೆಯದ್ದು. ಹೆಸರು ಅದಲುಬದಲು ಮಾಡಿ, ಅಕ್ಕ ಹೇಳಿದ ಎರಡು ಕಡೆ ಸೊನ್ನೆ ಬರೆದು, ಯಂತ್ರ ಮತ್ತೆ ಶುರುಮಾಡಿದೆ. ಅಪ್ಪ ಅಡುಗೆಮನೆಯ ಬಾಗಿಲಲ್ಲಿ ಶರ್ಟಿನ ಗುಂಡಿ ಹಾಕಿಕೊಳ್ಳುತ್ತಾ ನಿಂತಿದ್ದರು. ಅವರ ಪರದೆ, ಅವರ ಕಡತಗಳು, ಅವರು ಇಟ್ಟಿದ್ದ ಊರಿನ ದೇವಸ್ಥಾನದ ಚಿತ್ರ ಎಲ್ಲ ಹಾಗೇ ಬಂದವು. ಮಧ್ಯಾಹ್ನದ ಹೊತ್ತಿಗೆ ಭಾಷಣದ ಪ್ರಿಂಟು ಅವರ ಜೇಬಿನಲ್ಲಿತ್ತು.

2018ರಲ್ಲಿ ಅಪ್ಪ ಹೋದರು. ಅವರ ಅಕೌಂಟಿನ ಪಾಸ್‌ವರ್ಡ್ ಅವರು ಯಾರಿಗೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಅಜ್ಜಿ ಅಕೌಂಟಿನಿಂದ ಅದನ್ನು ಬದಲಿಸುವುದು ಒಂದು ನಿಮಿಷದ ಕೆಲಸ. ಆದರೆ ಬೇರೆ ಅಡ್ಮಿನ್ ಹೀಗೆ ಬದಲಿಸಿದರೆ ಆ ಅಕೌಂಟಿನಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳು, ಎನ್‌ಕ್ರಿಪ್ಟ್ ಮಾಡಿದ ಕಡತಗಳು ಕೈತಪ್ಪುತ್ತವೆ. ಹಾಗಾಗಿ ಅದನ್ನು ಮುಟ್ಟದೆ ಫೋಲ್ಡರನ್ನು ಮಾತ್ರ ನಕಲು ಮಾಡುವುದೆಂದು ಫೋನಿನಲ್ಲಿ ನಾವು ಮೂವರೂ ತೀರ್ಮಾನಿಸಿದೆವು. ನಕಲು ಮಾಡಲು ಕೂತಾಗ ಅಮ್ಮ ಬಂದು ಪಕ್ಕದಲ್ಲಿ ನಿಂತರು.

“ಎಲ್ಲ ತೆರೆದು ಓದುತ್ತೀಯಾ?”

“ನೀವು ಹೇಳಿದ ಹಾಗೆ, ಅಮ್ಮ.”

“ಲೇಖನ ಇರುವುದು ತೆಗಿ. ‘ಸ್ವಂತ’ ಅಂತ ಒಂದು ಉಂಟಲ್ಲ, ಅದು ಅವರದ್ದು. ಅದು ಹಾಗೇ ಇರಲಿ.”

ಕಂಪ್ಯೂಟರ್ ಮುಟ್ಟದ ಅಮ್ಮನಿಗೆ ಆ ಫೋಲ್ಡರಿನ ಹೆಸರು ಹೇಗೆ ಗೊತ್ತಿತ್ತೆಂದು ನಾನು ಕೇಳಲಿಲ್ಲ. ಅಡ್ಮಿನ್ ಆದವರಿಗೆ ಮನೆಯ ಎಲ್ಲರ ಫೋಲ್ಡರೂ ತೆರೆಯುತ್ತದೆ. ಈ ಮಾತನ್ನು ಅಕೌಂಟು ಮಾಡುವ ದಿನವೇ ಮನೆಯವರಿಗೆಲ್ಲ ಹೇಳಬೇಕು, ಯಾವುದನ್ನು ತೆರೆಯಬಾರದು ಎಂಬುದನ್ನೂ ಮಾತಾಡಿಕೊಳ್ಳಬೇಕು. ಲೇಖನಗಳು ಈಗ ಮೂವರ ಹತ್ತಿರವೂ ಇವೆ. ‘ಸ್ವಂತ’ ಫೋಲ್ಡರು ಒಂದು ಡಿಸ್ಕಿನಲ್ಲಿ, ಕಪಾಟಿನಲ್ಲಿದೆ. ತೆರೆದಿಲ್ಲ.

ಎದುರಿನ ಸಾಲಿನ ಮನೆಯ ಗಂಡಸು 2021ರ ಕೊರೊನಾ ಎರಡನೇ ಅಲೆಯಲ್ಲಿ ತೀರಿಕೊಂಡಾಗ, ಇಷ್ಟು ವರ್ಷ ನಾವು ಮಾಡಿಕೊಂಡು ಬಂದದ್ದರ ಬೆಲೆ ಎಷ್ಟೆಂದು ನನಗೆ ಕಂಡಿತು. ಅವರ ಹೆಂಡತಿ ಲ್ಯಾಪ್‌ಟಾಪ್ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಮಗಳು ಹುಟ್ಟಿದ ದಿನದಿಂದ ತೆಗೆದ ಫೋಟೊಗಳೆಲ್ಲ ಅದರಲ್ಲಿವೆ ಎಂದರು. ಅದರಲ್ಲಿ ಒಂದೇ ಅಕೌಂಟು. ಅದು ಇಂಟರ್ನೆಟ್ಟಿನ ಖಾತೆಗೆ ಕಟ್ಟಿದ್ದು, ಪಾಸ್‌ವರ್ಡ್ ಬದಲಿಸಬೇಕಾದರೆ ಗುಟ್ಟಿನ ಅಂಕಿ ಬರುವುದು ಅವರ ಮೊಬೈಲ್ ನಂಬರಿಗೆ. ಆ ಸಿಮ್ ಕಚೇರಿಯವರದ್ದು, ವಾಪಸ್ ಕೊಟ್ಟಾಗಿತ್ತು. ಡಿಸ್ಕ್ ಬಿಚ್ಚಿ ಬೇರೆ ಯಂತ್ರಕ್ಕೆ ಹಾಕಿ ನೋಡಿದೆ. ಎಷ್ಟೋ ಹೊಸ ಲ್ಯಾಪ್‌ಟಾಪುಗಳಲ್ಲಿ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗಿರುತ್ತದೆ. 48 ಅಂಕಿಗಳ ರಿಕವರಿ ಕೀ ಕೊಡಿ ಎಂದಿತು. ಆ ಕೀ ಇರುವುದು ಅದೇ ಖಾತೆಯೊಳಗೆ. 2005ರಲ್ಲಿ ಅಕ್ಕ ಮಾಡಿದ್ದು ಈಗ ನಡೆಯುವುದಿಲ್ಲ. ಕಳ್ಳನ ಕೈಗೆ ಹೋಗದಂತೆ ಮಾಡಿದ ಬೀಗ, ಮನೆಯವರ ಕೈಗೂ ಸಿಗದೆ ಹೋಯಿತು. ಅವರ ಎದುರು ಕೂತು, ನನ್ನಿಂದ ಆಗುವುದಿಲ್ಲ ಎಂದು ಹೇಳಿದೆ. ಅವರು ಲ್ಯಾಪ್‌ಟಾಪನ್ನು ಮತ್ತೆ ಚೀಲಕ್ಕೆ ಹಾಕಿಕೊಂಡು ಹೋದರು. ಈಗಲೂ ಇಟ್ಟುಕೊಂಡಿದ್ದಾರೆ.

ಆ ವಾರವೇ ನಾನು ನಮ್ಮ ರಿಕವರಿ ಕೀಯನ್ನು ಪ್ರಿಂಟ್ ತೆಗೆದು ಅಜ್ಜಿಯ ಚೀಟಿಯ ಜೊತೆ ಫೈಲಿಗೆ ಸೇರಿಸಿದೆ. ಮಲಾಡಿನಲ್ಲಿರುವ ತಮ್ಮನಿಗೆ ಅದರದೇ ಇನ್ನೊಂದು ಲಕೋಟೆ ಕೊಟ್ಟೆ, ನೆರೆ ಬಂದರೆ ಎರಡೂ ಒಟ್ಟಿಗೆ ಹೋಗಬಾರದು ಎಂದು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗಿಯಿತು, ನಾವು 11ಕ್ಕೆ ಬಂದೆವು. ಅದು ಶುರುವಿನಲ್ಲೇ ಇಂಟರ್ನೆಟ್ ಖಾತೆ ಕೇಳುತ್ತದೆ. ಕೊಟ್ಟು ಒಳಗೆ ಹೋದ ಮೇಲೆ ನಾನು ಮಾಡುವ ಮೊದಲ ಕೆಲಸ, ಯಾವ ಇಮೇಲಿಗೂ ಫೋನಿಗೂ ಅಂಟದ ಒಂದು ಲೋಕಲ್ ಅಕೌಂಟು ಮಾಡಿ ಅದನ್ನು ಅಡ್ಮಿನ್ ಮಾಡುವುದು. ನೆಟ್ ಇಲ್ಲದ ದಿನವೂ, ಸಿಮ್ ಕಳೆದ ದಿನವೂ ಅದು ತೆರೆಯುತ್ತದೆ.

ಅಮ್ಮ ಈಗ ದಿನಾ ಕಂಪ್ಯೂಟರಿನಲ್ಲಿ ಯಕ್ಷಗಾನ ನೋಡುತ್ತಾರೆ, ಮಸ್ಕತ್‌ನ ಮೊಮ್ಮಕ್ಕಳ ಜೊತೆ ಮಾತಾಡುತ್ತಾರೆ. ಅವರದ್ದು ಸಾಮಾನ್ಯ ಅಕೌಂಟು. ಕಳೆದ ವರ್ಷ ಯಾರೋ ಫೋನು ಮಾಡಿ, ನಿಮ್ಮ ಕಂಪ್ಯೂಟರಿನಲ್ಲಿ ದೊಡ್ಡ ತೊಂದರೆ ಇದೆ, ಹೇಳಿದ್ದನ್ನು ಒತ್ತುತ್ತಾ ಹೋಗಿ ಎಂದು ಹಿಂದಿಯಲ್ಲಿ ಗದರಿಸಿ ಹೇಳಿದರಂತೆ. ಅಮ್ಮ ಹೆದರಿ ಒತ್ತುತ್ತಾ ಹೋದರು. ಕೊನೆಗೆ ಪರದೆ ಮಬ್ಬಾಗಿ ಅಡ್ಮಿನ್ ಪಾಸ್‌ವರ್ಡ್ ಕೇಳಿತು. “ಅದು ಮಗಳ ಹತ್ತಿರ ಉಂಟು. ಅವಳು ಬ್ಯಾಂಕಿನಿಂದ ಸಂಜೆ ಬರುತ್ತಾಳೆ, ಆಗ ಫೋನು ಮಾಡಿ” ಎಂದು ಅಮ್ಮ ಅವರಿಗೆ ಹೇಳಿದರು. ಆ ಕಡೆಯವನು ಬೈದು ಫೋನಿಟ್ಟ. ಬಲೆ ಹಾಕುವವರು ಎಲ್ಲ ಸಲವೂ ಅಡ್ಮಿನ್ ಅಧಿಕಾರ ಬೇಡುವುದಿಲ್ಲ, ಅದಿಲ್ಲದೆಯೂ ಮೋಸ ಮಾಡುವ ದಾರಿಗಳಿವೆ. ಅಂದು ಮಾತ್ರ ಆ ಒಂದು ಪ್ರಶ್ನೆ ಅಮ್ಮನ ಪೆನ್ಶನ್ ಹಣವನ್ನು ಉಳಿಸಿತೆಂದೇ ನನ್ನ ನಂಬಿಕೆ.

ಈ ಸಲದ ಆಯುಧ ಪೂಜೆಗೆ ತಮ್ಮನ ಮಗಳು ಬಂದಿದ್ದಳು, ಹತ್ತನೆಯ ತರಗತಿ. ಅಜ್ಜಿ ಅಕೌಂಟನ್ನು ತೆರೆದು ನೋಡುವ ಕೆಲಸ ಅವಳಿಗೇ ವಹಿಸಿದೆ. ಚೀಟಿ ನೋಡಿ ಪಾಸ್‌ವರ್ಡ್ ಬರೆದಳು, ಪಟ್ಟಿ ನೋಡಿದಳು, ಅಪ್‌ಡೇಟ್ ಹಾಕಿದಳು. ಆಮೇಲೆ ಕೇಳಿದಳು: “ಅತ್ತೆ, ಇದಕ್ಕೆಲ್ಲ ಇಷ್ಟು ಮಾಡ್ತೀರಿ. ಫೋನಿಗೆ ಎಂತ ಮಾಡಿದ್ದೀರಿ? ಈಗ ಎಲ್ಲ ಇರುವುದು ಫೋನಿನಲ್ಲೇ ಅಲ್ವಾ?” ನಿಜ. ಫೋನಿನಲ್ಲಿ ಅಜ್ಜಿಯ ಹಾಗೆ ಎಲ್ಲರ ಕಡತ ತೆರೆಯಬಲ್ಲ ಇನ್ನೊಂದು ಅಕೌಂಟು ಮಾಡಿಡಲು ಬರುವುದಿಲ್ಲ. ಆದರೆ ಖಾತೆ ಬಹುಕಾಲ ನಿಶ್ಚಲವಾದರೆ ಯಾರಿಗೆ ಏನು ಸಿಗಬೇಕೆಂದು ಬರೆದಿಡುವ ಏರ್ಪಾಡನ್ನು ಗೂಗಲ್ 2013ರಲ್ಲೇ ಮಾಡಿದೆ. ಐಫೋನಿನಲ್ಲಿ ತನ್ನ ನಂತರ ಖಾತೆ ತೆರೆಯಬಲ್ಲವರನ್ನು ಹೆಸರಿಸುವ ಸೌಲಭ್ಯ 2021ರಲ್ಲಿ ಬಂತು. ಅವಳು ಅಲ್ಲೇ ಕೂತು ಎರಡನ್ನೂ ಹುಡುಕಿ ತೆಗೆದಳು. ಮೊದಲು ಯಾರದ್ದು ಎಂದಾಗ ಅಮ್ಮ ತಮ್ಮ ಫೋನನ್ನೇ ಮುಂದೆ ಚಾಚಿದರು. ಹೆಸರು ಯಾರದ್ದು ಬರೆಯಲಿ ಎಂದು ಮೊಮ್ಮಗಳು ಕೇಳಿದಳು. “ನಿನ್ನ ಅತ್ತೆಯದ್ದು ಒಂದು ಬರಿ, ನಿನ್ನ ಅಪ್ಪನದ್ದು ಒಂದು. ಒಬ್ಬರದ್ದೇ ಬೇಡ” ಎಂದರು ಅಮ್ಮ.